ಮಡಿಲೋ, ಸೀಟೋ? ವಿಮಾನದಲ್ಲಿ ಎಳೆಯ ಮಕ್ಕಳ ಸುರಕ್ಷತೆ

ಪ್ರಶ್ನೆ: ನಾವು ಚಿಕ್ಕಮಗಳೂರಿನವರು. ನನ್ನ ಮಗಳು 14 ತಿಂಗಳ ಮಗನೊಂದಿಗೆ ಸದ್ಯ ನಮ್ಮಲ್ಲಿದ್ದಾಳೆ. ಅಳಿಯಂದಿರು ಬಂದು ಇಬ್ಬರನ್ನೂ ಅಮೆರಿಕಕ್ಕೆ ಕರೆದೊಯ್ಯಲಿದ್ದಾರೆ. ಮಗುವಿಗೂ ಪೂರ್ತಿ ಸೀಟು ಕೊಂಡು, ಕಾರಿನಲ್ಲಿ ಕಟ್ಟುವ ಮಕ್ಕಳ ಸೀಟನ್ನೇ ವಿಮಾನದಲ್ಲೂ ಇಟ್ಟು ಕೂರಿಸಬೇಕೆಂದು ಅವರ ಹಟ. ಎರಡು ವರ್ಷದವರೆಗೆ ಮಡಿಲಲ್ಲಿ ಕೂರಿಸಿಕೊಳ್ಳಬಹುದೆಂದು ವಿಮಾನದವರೇ ಹೇಳುವಾಗ ಅಷ್ಟು ಹಣ ಸುಮ್ಮನೆ ಸುರಿಯುವುದೇಕೆ ಎನ್ನುತ್ತಾರೆ ನನ್ನ ಯಜಮಾನರು. ನಿಜಕ್ಕೂ ಅಪಾಯವಿದ್ದರೆ ಸರ್ಕಾರಗಳು ಇದನ್ನು ಕಡ್ಡಾಯ ಮಾಡುತ್ತಿರಲಿಲ್ಲವೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನಿಮ್ಮ ಅಳಿಯಂದಿರ ಹಟವನ್ನು ನಡೆಸಿಕೊಡಿ. ಆದರೆ ಅವರಿಗೊಂದು ಷರತ್ತು ಹಾಕಿ: ಆ ಸೀಟು ವಿಮಾನ ಹತ್ತುವ ಮೊದಲು ನಿಮ್ಮ ಮನೆ ಬಾಗಿಲಿಗೆ ಬರುವ ಟ್ಯಾಕ್ಸಿಯನ್ನು ಹತ್ತಬೇಕು.

ಯಜಮಾನರ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ಇದೇ ಪ್ರಶ್ನೆಗಾಗಿ ಅಮೆರಿಕದ ಎರಡು ಸರ್ಕಾರಿ ಸಂಸ್ಥೆಗಳು ಮೂರು ದಶಕಗಳಿಗೂ ಮೇಲೆ ಎದುರುಬದುರು ನಿಂತಿವೆ. ಅಪಘಾತಗಳ ತನಿಖೆ ಮಾಡುವ ಎನ್‌ಟಿಎಸ್‌ಬಿ ಕಡ್ಡಾಯ ಮಾಡಿ ಎನ್ನುತ್ತದೆ. ನಿಯಮ ಬರೆಯುವ ಎಫ್‌ಎಎ ಒಲ್ಲೆ ಎನ್ನುತ್ತದೆ. ಇಬ್ಬರ ಬಳಿಯೂ ಲೆಕ್ಕವಿದೆ. ಇಬ್ಬರ ಲೆಕ್ಕವೂ ಸರಿ ಇದೆ ಎಂಬುದೇ ಇಲ್ಲಿನ ಪೇಚು.

ಮೊದಲು ಭಾರದ ವಿಷಯ. ವಿಮಾನದ ಸೀಟು ಮತ್ತು ಬೆಲ್ಟು ತುರ್ತು ಇಳಿತದಲ್ಲಿ ಮುಂದಕ್ಕೆ ಗುರುತ್ವಾಕರ್ಷಣೆಯ 9 ಪಟ್ಟು ಎಳೆತವನ್ನು ತಾಳಬೇಕೆಂಬುದು ಹಳೆಯ ಅಳತೆ. 1988ರ ನಂತರದ ವಿನ್ಯಾಸಗಳಿಗೆ ಅಮೆರಿಕ ಇನ್ನೂ ಕಠಿಣವಾದ ಪರೀಕ್ಷೆ ತಂದಿತು: ಬೊಂಬೆಯನ್ನು ಕೂರಿಸಿ, ಜಾರುಬಂಡಿಯಂಥ ಯಂತ್ರದ ಮೇಲೆ 16 ಪಟ್ಟು ಎಳೆತಕ್ಕೆ ಒಳಪಡಿಸುತ್ತಾರೆ. ಅಂದರೆ ಮನುಷ್ಯರು ಬದುಕುಳಿಯಬಹುದಾದ ಅಪಘಾತದಲ್ಲಿ ಇಷ್ಟು ಬಲ ಬರಬಹುದೆಂದು ಎಂಜಿನಿಯರುಗಳು ಒಪ್ಪಿಕೊಂಡಿದ್ದಾರೆ ಎಂದಾಯಿತು. ನಿಮ್ಮ ಮೊಮ್ಮಗ ಸುಮಾರು 10 ಕಿಲೋ ಇರಬಹುದು. 9 ಪಟ್ಟು ಎಳೆತದಲ್ಲಿ ಅವನು ತಾಯಿಯ ತೋಳಿಗೆ 90 ಕಿಲೋ ಆಗುತ್ತಾನೆ, 16 ಪಟ್ಟಿನಲ್ಲಿ 160 ಕಿಲೋ. ನಿಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಮೂರು ಕಾಫಿ ಮೂಟೆಗೂ ಮೇಲೆ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ತಾಯಿಯ ಪ್ರೀತಿ ಎಷ್ಟೇ ಗಟ್ಟಿಯಿದ್ದರೂ ಆ ಭಾರವನ್ನು ಹಿಡಿಯುವ ತೋಳು ಯಾರಿಗೂ ಇಲ್ಲ. "ನಾನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ" ಎನ್ನುವವರಿಗೆ ನಾನು ಕೊಡುವ ಉತ್ತರ ಇಷ್ಟೇ.

ಈ ಲೆಕ್ಕ ಕಾಗದದ ಮೇಲಿಂದ ಇಳಿದು ಬಂದದ್ದು 1989ರ ಜುಲೈ 19ರಂದು. ಡೆನ್ವರಿನಿಂದ ಶಿಕಾಗೋಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸಿನ ಡಿಸಿ-10 ವಿಮಾನದ ಬಾಲದ ಎಂಜಿನ್ ಒಡೆದು, ನಿಯಂತ್ರಣದ ಹೈಡ್ರಾಲಿಕ್ ವ್ಯವಸ್ಥೆಗಳೆಲ್ಲ ನಿಷ್ಕ್ರಿಯವಾದವು. ಉಳಿದೆರಡು ಎಂಜಿನ್‌ಗಳ ವೇಗವನ್ನಷ್ಟೇ ಏರಿಳಿಸುತ್ತ ಪೈಲಟ್‌ಗಳು ಅದನ್ನು ಅಯೋವಾ ರಾಜ್ಯದ ಸೂ ಸಿಟಿಯ ರನ್‌ವೇವರೆಗೆ ತಂದರು. ವಿಮಾನದಲ್ಲಿದ್ದ 296 ಮಂದಿಯಲ್ಲಿ 184 ಮಂದಿ ಉಳಿದರು. ಅಂದು ಸೀಟಿಲ್ಲದ ಮಡಿಲ ಮಕ್ಕಳು ನಾಲ್ವರಿದ್ದರು. ಮಡಿಲ ಮಕ್ಕಳನ್ನು ಹೊದಿಕೆ ಸುತ್ತಿ ಕಾಲಬುಡದಲ್ಲಿ ನೆಲದ ಮೇಲೆ ಮಲಗಿಸಿ ಒತ್ತಿ ಹಿಡಿಯಬೇಕೆಂಬುದು ಆಗಿನ ವಿಧಾನ. ಮುಖ್ಯ ಗಗನಸಖಿ ಜಾನ್ ಬ್ರೌನ್ ಪೋಷಕರಿಗೆ ಅದನ್ನೇ ಹೇಳಿದರು. ನೆಲಕ್ಕಪ್ಪಳಿಸಿದಾಗ ಅವರಲ್ಲಿ ಇಬ್ಬರು ಮಕ್ಕಳು ತಾಯಂದಿರ ಕೈಜಾರಿ ಹೋದರು. ಒಂದು ಹೆಣ್ಣು ಮಗುವನ್ನು, ಹೊಗೆಯೊಳಗಿನಿಂದ ಅಳು ಕೇಳಿಸಿಕೊಂಡ ಸಹಪ್ರಯಾಣಿಕರೊಬ್ಬರು ಮತ್ತೆ ಒಳಹೊಕ್ಕು ಎತ್ತಿ ತಂದರು. ಇನ್ನೂ ಎರಡು ವರ್ಷ ತುಂಬದ ಗಂಡು ಮಗು ಸಿಗಲಿಲ್ಲ. ಅದನ್ನು ಹುಡುಕಲು ಉರಿಯುವ ವಿಮಾನಕ್ಕೆ ಮರಳಿ ನುಗ್ಗಲು ಹೊರಟ ತಾಯಿಯನ್ನು ತಡೆದವರೂ ಜಾನ್ ಬ್ರೌನ್ ಅವರೇ. ಮುಂದೆ ಅವರು ಪ್ರತಿ ಮಗುವಿಗೂ ಸೀಟು ಎಂಬ ಕಾನೂನಿಗಾಗಿ ದಶಕಗಳ ಕಾಲ ಅಮೆರಿಕದ ಸಂಸತ್ತಿನ ಬಾಗಿಲು ತಟ್ಟಿದರು. ಎನ್‌ಟಿಎಸ್‌ಬಿ 1990ರಲ್ಲೇ ಅಂಥ ಶಿಫಾರಸು ಮಾಡಿತು.

ಕೆನಡಾದ ಒಂದು ಪ್ರಕರಣ ಇದಕ್ಕಿಂತ ಚಿಕ್ಕದು, ಆದರೆ ನನ್ನ ಮಟ್ಟಿಗೆ ಹೆಚ್ಚು ಸ್ಪಷ್ಟ. 2012ರ ಡಿಸೆಂಬರ್ 22ರಂದು ಉತ್ತರದ ಸಾನಿಕಿಲುವಾಕ್ ಎಂಬಲ್ಲಿ ಒಂಬತ್ತು ಜನರಿದ್ದ ಪುಟ್ಟ ವಿಮಾನ ಇಳಿಯುವಾಗ ಅಪಘಾತಕ್ಕೀಡಾಯಿತು. ಬೆಲ್ಟ್ ಹಾಕಿಕೊಂಡಿದ್ದ ದೊಡ್ಡವರೆಲ್ಲರೂ ಬದುಕಿದರು. ಸತ್ತದ್ದು ಮಡಿಲಲ್ಲಿದ್ದ ಆರು ತಿಂಗಳ ಕೂಸು ಮಾತ್ರ. 2015ರಲ್ಲಿ ಅಲ್ಲಿನ ತನಿಖಾ ಮಂಡಳಿಯೂ ಎಳೆಯರಿಗೆ ಸುರಕ್ಷತಾ ಸೀಟು ಬೇಕೆಂದು ಶಿಫಾರಸು ಮಾಡಿತು.

ಎಲ್ಲ ಅಪಘಾತಕ್ಕೂ ಇದು ಮದ್ದೆಂದು ಹೇಳಿದರೆ ಸುಳ್ಳಾಗುತ್ತದೆ. 2010ರ ಮೇ 22ರಂದು ನಮ್ಮ ಮಂಗಳೂರಿನಲ್ಲಿ ವಿಮಾನ ರನ್‌ವೇ ದಾಟಿ ಕಮರಿಗೆ ಬಿದ್ದು ಉರಿದಾಗ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಅಂಥ ಬೆಂಕಿಯೆದುರು ಯಾವ ಸೀಟಿಗೂ ಬೆಲೆಯಿಲ್ಲ. ಆದರೆ ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರಂದು, ಕೋಯಿಕ್ಕೋಡಿನಲ್ಲಿ ಅದೇ ರೀತಿ ವಿಮಾನ ರನ್‌ವೇ ದಾಟಿ ಇಳಿಜಾರಿಗೆ ಬಿದ್ದು ತುಂಡಾಯಿತು, ಬೆಂಕಿ ಹೊತ್ತಲಿಲ್ಲ. 190 ಜನರಲ್ಲಿ 21 ಮಂದಿ ತೀರಿಕೊಂಡರು, ಉಳಿದವರು ಬದುಕಿದರು. ಆ ವಿಮಾನದಲ್ಲಿ ಹತ್ತು ಹಸುಳೆಗಳಿದ್ದವು. ಬಹುಪಾಲು ಜನ ಬದುಕುವ ಇಂಥ ಅಪಘಾತದಲ್ಲೇ ಕಟ್ಟಿ ಕೂರಿಸಿದ್ದಕ್ಕೂ ಎತ್ತಿಕೊಂಡದ್ದಕ್ಕೂ ವ್ಯತ್ಯಾಸ ಬೀಳುವುದು.

ಅಪಘಾತವನ್ನು ಬಿಡಿ, ಅದು ಬಲು ಅಪರೂಪ. ದೂರದ ಹಾರಾಟದಲ್ಲಿ ಇದಕ್ಕಿಂತ ಹೆಚ್ಚಾಗಿ ಎದುರಾಗುವುದು ಟರ್ಬುಲೆನ್ಸ್, ಗಾಳಿಯ ಕುಲುಕಾಟ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ವಿಮಾನ ಮ್ಯಾನ್ಮಾರಿನ ಮೇಲೆ ಇದಕ್ಕೆ ಸಿಕ್ಕಿತು. ತನಿಖೆಯ ಪ್ರಾಥಮಿಕ ವರದಿಯ ಪ್ರಕಾರ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಸಮಯದಲ್ಲಿ ಎಳೆತ ಕೆಳಮುಖದಿಂದ ಮೇಲ್ಮುಖಕ್ಕೆ ತಿರುಗಿ, ಬೆಲ್ಟ್ ಹಾಕದವರು ಸೀಟಿನಿಂದ ಮೇಲಕ್ಕೆ ತೇಲಿದರು. ಮುಂದಿನ ನಾಲ್ಕು ಸೆಕೆಂಡಿನೊಳಗೆ ಅದು ಮತ್ತೆ ತಿರುಗಿ ಅವರನ್ನು ಕೆಳಕ್ಕೆ ಕೆಡವಿತು. ವಿಮಾನ ಕಳೆದುಕೊಂಡ ಎತ್ತರ ಬರೀ 178 ಅಡಿ. ಅಷ್ಟಕ್ಕೇ ಹಲವರ ಬೆನ್ನುಮೂಳೆಗೆ, ತಲೆಗೆ ಪೆಟ್ಟಾಯಿತು. 73 ವರ್ಷದ ಪ್ರಯಾಣಿಕರೊಬ್ಬರು ತೀರಿಕೊಂಡರು. ನಮ್ಮಲ್ಲೂ 2022ರ ಮೇ 1ರಂದು ಮುಂಬೈಯಿಂದ ದುರ್ಗಾಪುರಕ್ಕೆ ಹೋದ ವಿಮಾನದಲ್ಲಿ ಇಳಿಯುವ ಹೊತ್ತಿನ ಕುಲುಕಾಟಕ್ಕೆ ಹಲವರು ಗಾಯಗೊಂಡಿದ್ದರು. ಅಮೆರಿಕಕ್ಕೆ ಹೋಗುವವರು ಗಾಳಿಯಲ್ಲಿ ಇಡೀ ಒಂದು ರಾತ್ರಿಗಿಂತ ಹೆಚ್ಚು ಕಳೆಯುತ್ತಾರೆ. ತಾಯಿ ನಿದ್ದೆ ಹೋಗಲೇಬೇಕು. ನಿದ್ದೆ ಹೋದ ತಾಯಿಯ ತೋಳಲ್ಲಿ ನಿದ್ದೆ ಹೋದ ಮಗು ಎಷ್ಟು ಭದ್ರ ಎಂದು ಯೋಚಿಸಿ.

ಹಾಗಿದ್ದರೆ ಎಫ್‌ಎಎ ಏಕೆ ಒಪ್ಪಲಿಲ್ಲ? ಅವರು ಹೃದಯಹೀನರೆಂದೇನೂ ಅಲ್ಲ. ಮಗುವಿಗೂ ಟಿಕೆಟ್ ಕೊಳ್ಳಲೇಬೇಕೆಂದರೆ ಕೆಲವು ಕುಟುಂಬಗಳು ವಿಮಾನ ಬಿಟ್ಟು ಕಾರಿನಲ್ಲಿ ಹೊರಡುತ್ತವೆ. ರಸ್ತೆ ವಿಮಾನಕ್ಕಿಂತ ಎಷ್ಟೋ ಪಟ್ಟು ಅಪಾಯಕಾರಿ. ಆದ್ದರಿಂದ ಆಕಾಶದಲ್ಲಿ ಒಂದು ಮಗುವನ್ನು ಉಳಿಸಲು ಹೋಗಿ ರಸ್ತೆಯಲ್ಲಿ ಹಲವರನ್ನು ಕಳೆದುಕೊಳ್ಳುತ್ತೇವೆ ಎಂಬುದು ಅವರ ವಾದ. 2003ರಲ್ಲಿ ಥಾಮಸ್ ನ್ಯೂಮನ್ ಮತ್ತು ಸಂಗಡಿಗರು ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಕಡ್ಡಾಯ ಮಾಡಿದರೆ ಇಡೀ ಅಮೆರಿಕದಲ್ಲಿ ವರ್ಷಕ್ಕೆ ಉಳಿಯುವ ಜೀವ ಸರಾಸರಿ 0.4; ನೂರಕ್ಕೆ ಐದರಿಂದ ಹತ್ತು ಕುಟುಂಬಗಳು ಕಾರಿಗೆ ತಿರುಗಿದರೂ ಒಟ್ಟು ಸಾವು ಹೆಚ್ಚುತ್ತದೆ ಎಂಬುದು ಅವರ ಅಂದಾಜು. ಅತ್ತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2001ರಲ್ಲೇ ಕಡ್ಡಾಯ ಬೇಕು ಎಂದಿತ್ತು. 2005ರಲ್ಲಿ ಎಫ್‌ಎಎ ಕಡತ ಮುಚ್ಚಿತು. 2024ರ ಜನವರಿಯಲ್ಲಿ ಪೋರ್ಟ್‌ಲ್ಯಾಂಡಿನಿಂದ ಹಾರಿದ ಬೋಯಿಂಗ್ ಒಂದರ ಬಾಗಿಲ ಜಾಗದ ಫಲಕ ಆಕಾಶದಲ್ಲೇ ಕಿತ್ತುಹೋದಾಗ, ಆ ವಿಮಾನದಲ್ಲಿ ಮೂವರು ಮಡಿಲ ಮಕ್ಕಳಿದ್ದರೆಂದು ತಿಳಿದು ಚರ್ಚೆ ಮತ್ತೆ ಎದ್ದಿತು. ಫಲಕದ ಪಕ್ಕದ ಸೀಟು ಅಂದು ಖಾಲಿಯಿತ್ತು.

ಎಫ್‌ಎಎಯ ವಾದವನ್ನು ನಮ್ಮ ನೆಲಕ್ಕೆ ತಂದು ನೋಡಿ. ಮಂಗಳೂರು–ಬೆಂಗಳೂರು ವಿಮಾನಕ್ಕೆ ಮೂರನೆಯ ಟಿಕೆಟ್ ಕಡ್ಡಾಯವೆಂದರೆ ಎಷ್ಟೋ ಮನೆಯವರು ಕಾರು ಹತ್ತಿ ಶಿರಾಡಿ ಘಾಟಿ ಏರುತ್ತಾರೆ, ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಒಳನಾಡಿನ ಸಣ್ಣ ಹಾರಾಟಕ್ಕೆ ಆ ವಾದ ಅಮೆರಿಕಕ್ಕಿಂತ ಇಲ್ಲೇ ಹೆಚ್ಚು ಒಪ್ಪುತ್ತದೆ. ಆದರೆ ಚಿಕ್ಕಮಗಳೂರಿನಿಂದ ಅಮೆರಿಕಕ್ಕೆ ಯಾರೂ ಕಾರಿನಲ್ಲಿ ಹೋಗುವುದಿಲ್ಲವಲ್ಲ! ನಿಮ್ಮ ಮಗಳ ಪ್ರಯಾಣಕ್ಕೆ ಆ ವಾದ ಅನ್ವಯಿಸುವುದೇ ಇಲ್ಲ. ಇಡೀ ದೇಶಕ್ಕೆ ನಿಯಮ ಬರೆಯುವವರು ಮಾಡಬೇಕಾದ ಲೆಕ್ಕ ಬೇರೆ, ಒಂದು ಮನೆಯವರು ಮಾಡಬೇಕಾದ ಲೆಕ್ಕ ಬೇರೆ. ಸರ್ಕಾರ ಕಡ್ಡಾಯ ಮಾಡಿಲ್ಲ ಎಂದರೆ ಅಪಾಯವಿಲ್ಲ ಎಂದಲ್ಲ. ಕಡ್ಡಾಯ ಮಾಡಿದರೆ ಜನ ಇನ್ನೂ ದೊಡ್ಡ ಅಪಾಯದ ಕಡೆ ಓಡುತ್ತಾರೆಂದು ಅವರು ಅಂಜುತ್ತಾರೆ, ಅಷ್ಟೇ. ಯಜಮಾನರಿಗೆ ಇದನ್ನು ಹೇಳಿ.

ಟ್ಯಾಕ್ಸಿಯ ಷರತ್ತು ಹುಟ್ಟುವುದೂ ಇಲ್ಲಿಂದಲೇ. ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದ ಸುದ್ದಿಯನ್ನು ನಾವೆಲ್ಲ ದಶಕಗಳಿಂದ ಓದುತ್ತ ಬಂದಿದ್ದೇವೆ. ನಿಮ್ಮ ಮೊಮ್ಮಗ ಹಾರುವುದಂತೂ ದೇವನಹಳ್ಳಿಯಿಂದ. ಬೇಲೂರು, ಹಾಸನ, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ ಎಂದು ಹೋದರೆ 250 ಕಿಲೋಮೀಟರಿಗೆ ಕಡಿಮೆಯಿಲ್ಲ. ವಿದೇಶದ ವಿಮಾನಗಳು ಹೆಚ್ಚಾಗಿ ನಡುರಾತ್ರಿಯ ಮೇಲೆ ಹೊರಡುವುದರಿಂದ ಈ ದಾರಿ ಕತ್ತಲಲ್ಲಿ ಸಾಗುತ್ತದೆ, ಲಾರಿಗಳ ನಡುವೆ. ಇಡೀ ಪ್ರಯಾಣದಲ್ಲಿ ಅತಿ ಅಪಾಯದ ಭಾಗ ಇದು, ಸಾಗರದ ಮೇಲಿನ ಹಾರಾಟವಲ್ಲ. ವಿಮಾನದ ಸೀಟಿಗೆ ಸಾವಿರಾರು ರೂಪಾಯಿ ಕೊಟ್ಟು, ಟ್ಯಾಕ್ಸಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಏನು ಬಂತು? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದಿದ್ದರೆ 1000 ರೂಪಾಯಿ ದಂಡವೂ ಇದೆ. ದಂಡ ಕಟ್ಟಿದವರನ್ನು ನಾನು ಕಂಡಿಲ್ಲ.

ಕಡ್ಡಾಯದ ಬಗ್ಗೆ ನನ್ನ ಅಭಿಪ್ರಾಯವನ್ನೂ ಕೇಳಿದ್ದೀರಿ ಎಂದುಕೊಳ್ಳುತ್ತೇನೆ. ಹೊರೆ ಬೀಳಬೇಕಾದ್ದು ಪೋಷಕರ ಮೇಲಲ್ಲ, ವಿಮಾನ ಕಂಪನಿಯ ಮೇಲೆ. ಟಿಕೆಟ್ ಕೊಂಡ ಮಗುವಿನ ಸುರಕ್ಷತಾ ಸೀಟನ್ನು, ಅದು ಪ್ರಮಾಣಿತವಾಗಿದ್ದರೆ, ಅಲ್ಲಿನ ಯಾವ ವಿಮಾನ ಕಂಪನಿಯೂ ಬೇಡವೆನ್ನುವಂತಿಲ್ಲ ಎಂದು ಅಮೆರಿಕದ ನಿಯಮ ಹೇಳುತ್ತದೆ. ಎಲ್ಲ ಕಡೆಯೂ ಅಷ್ಟಾದರೂ ಇರಲಿ. ಮಡಿಲ ಮಗುವಿಗೆ ಅಂತರರಾಷ್ಟ್ರೀಯ ಹಾರಾಟದಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೇ ಒಂದು ಭಾಗ ತೆಗೆದುಕೊಳ್ಳುತ್ತಾರೆ. ಸೀಟು ಬೇಕೆಂದ ಕೂಡಲೇ ಅದು ಮುಕ್ಕಾಲು ಪಾಲಿಗೆ ಜಿಗಿಯುತ್ತದೆ. ಈ ನಡುವೆ ಅರ್ಧ ದರ ಎಂಬ ಮೆಟ್ಟಿಲೊಂದನ್ನು ಇಟ್ಟರೆ ಕಾನೂನಿನ ಅಗತ್ಯವೇ ಬಹಳಷ್ಟು ಕಡಿಮೆಯಾದೀತು.

"ನಮಗೆ ಮಗುವಿನ ಬೆಲ್ಟ್ ಕೊಡುತ್ತಾರಲ್ಲ" ಎಂದು ನೀವು ಕೇಳಬಹುದು. ಹೌದು, ಭಾರತದಲ್ಲೂ ಯೂರೋಪಿನಲ್ಲೂ ತಾಯಿಯ ಬೆಲ್ಟಿಗೆ ಪೋಣಿಸುವ ಪುಟ್ಟ ಬೆಲ್ಟನ್ನು ಕೊಡುತ್ತಾರೆ. ಕುಲುಕಾಟದಲ್ಲಿ ಮಗು ಛಾವಣಿಗೆ ಹಾರದಂತೆ ಅದು ತಡೆಯುತ್ತದೆ. ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಜೋರಾದ ಡಿಕ್ಕಿಯಲ್ಲಿ ತಾಯಿಯ ಮೈ ಮುಂದಕ್ಕೆ ಮಡಚಿಕೊಳ್ಳುತ್ತದೆ, ಅವಳ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ, ಬೆಲ್ಟು ಎಳೆಯ ಹೊಟ್ಟೆಗೆ ಕೊರೆಯುತ್ತದೆ. ಈ ಕಾರಣಕ್ಕೇ ಅಮೆರಿಕದಲ್ಲಿ ಅದಕ್ಕೆ ಅನುಮತಿಯಿಲ್ಲ. ಅಂದರೆ ಒಂದೇ ವಸ್ತು ಒಂದು ದೇಶದಲ್ಲಿ ಕಡ್ಡಾಯ, ಇನ್ನೊಂದರಲ್ಲಿ ನಿಷಿದ್ಧ. ವಿಮಾನಯಾನದಲ್ಲಿ ಇಂಥ ವಿಚಿತ್ರ ಹೆಚ್ಚಿಲ್ಲ. ಇನ್ನು ಗೋಡೆಗೆ ತಗುಲಿಸುವ ತೊಟ್ಟಿಲು, ಬ್ಯಾಸಿನೆಟ್. ಅದು ಮಲಗಲು ಮಾತ್ರ. ಏರುವಾಗ, ಇಳಿಯುವಾಗ, ಬೆಲ್ಟಿನ ದೀಪ ಹತ್ತಿದಾಗ ಮಲಗಿದ ಮಗುವನ್ನು ಎತ್ತಿಕೊಳ್ಳಲೇಬೇಕು, ಸಾಮಾನ್ಯವಾಗಿ ಅವನು ಆಗತಾನೇ ನಿದ್ದೆ ಹೋಗಿರುತ್ತಾನೆ. ಹತ್ತು ಹನ್ನೊಂದು ಕಿಲೋ ದಾಟಿದವರಿಗೆ ಅದು ಸಿಗುವುದೂ ಕಷ್ಟ.

ಈಗ ಯಾವ ಸೀಟು ಎಂಬುದು. ವಿಮಾನದಲ್ಲಿ ಸೊಂಟದ ಬೆಲ್ಟ್ ಮಾತ್ರ ಇರುತ್ತದೆ. ಕಾರಿನ ಹಾಗೆ ಭುಜದ ಬೆಲ್ಟಿಲ್ಲ, ಮಕ್ಕಳ ಸೀಟನ್ನು ನೇರವಾಗಿ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಯೂ ಇಲ್ಲ. ಸೊಂಟದ ಬೆಲ್ಟೊಂದರಿಂದಲೇ ಬಿಗಿಯಬಹುದಾದ ಸೀಟನ್ನೇ ಆರಿಸಬೇಕು. ನಮ್ಮಲ್ಲಿ ಮಾರುವ ಸೀಟುಗಳು ಭಾರತದ ಎಐಎಸ್-072 ಅಥವಾ ಯೂರೋಪಿನ ಮಾನದಂಡಕ್ಕೆ ಒಳಪಟ್ಟು ಕಾರಿಗೆ ಚೆನ್ನಾಗಿರಬಹುದು, ಆದರೆ ವಿಮಾನಕ್ಕೂ ಆಗುತ್ತದೆಂಬ ಬರಹ ಅವುಗಳ ಮೇಲೆ ಹೆಚ್ಚಾಗಿ ಇರುವುದಿಲ್ಲ. ಅಮೆರಿಕದಲ್ಲಿ ಮಾರುವ ಸೀಟಿನ ಬದಿಯಲ್ಲಿ, ಇದು ಮೋಟಾರು ವಾಹನಕ್ಕೂ ವಿಮಾನಕ್ಕೂ ಪ್ರಮಾಣಿತ ಎಂದು ಕೆಂಪಕ್ಷರದಲ್ಲಿ ಬರೆದಿರುತ್ತದೆ. ಹತ್ತುವಾಗ ಸಿಬ್ಬಂದಿ ಹುಡುಕುವುದು ಆ ಕೆಂಪಕ್ಷರವನ್ನೇ. ಅಳಿಯಂದಿರು ಹೇಗೂ ಅಲ್ಲಿಂದ ಬರುವವರು, ತಂದುಬಿಡಲಿ. ಅಗಲ 16 ಇಂಚು ಮೀರದಿದ್ದರೆ ಬಹುತೇಕ ವಿಮಾನದ ಸೀಟುಗಳಿಗೆ ಹೊಂದುತ್ತದೆ.

ಅಮೆರಿಕದ ಸೀಟನ್ನು ನಮ್ಮ ಕಾರಿಗೆ ಕಟ್ಟುವಾಗ ಒಂದು ತೊಡಕಿದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಅಲ್ಲಿನ ಕಾರುಗಳ ಬೆಲ್ಟು ಎಳೆದ ಮೇಲೆ ಅಲ್ಲೇ ಬಿಗಿಯಾಗಿ ನಿಲ್ಲುವಂತೆ ಮಾಡಬಹುದು. ನಮ್ಮ ಕಾರುಗಳ ಬೆಲ್ಟು ಸಾಮಾನ್ಯವಾಗಿ ಥಟ್ಟನೆ ಎಳೆದಾಗ ಮಾತ್ರ ಹಿಡಿಯುತ್ತದೆ, ಉಳಿದಂತೆ ಸಡಿಲವಾಗಿ ಓಡಾಡುತ್ತದೆ. ಹೀಗಾಗಿ ಬೆಲ್ಟನ್ನು ಕಚ್ಚಿ ಹಿಡಿಯುವ ಕ್ಲಿಪ್ ಸೀಟಿನಲ್ಲೇ ಇರುವಂಥದ್ದನ್ನು ತರಲು ಹೇಳಿ, ಇಲ್ಲವೇ ಬೇರೆ ಲಾಕಿಂಗ್ ಕ್ಲಿಪ್ ತರಲಿ. ಟ್ಯಾಕ್ಸಿಗಳಲ್ಲಿ ಹಿಂದಿನ ಬೆಲ್ಟಿನ ಬಕಲ್ ಸೀಟ್ ಕವರಿನ ಅಡಿ ಹೂತುಹೋಗಿರುತ್ತದೆ. ಹೊರಡುವ ಗಳಿಗೆಯಲ್ಲಿ, ಮನೆಮಂದಿಯೆಲ್ಲ ನಿಂತು ಕೈಬೀಸುವಾಗ ಅದನ್ನು ಹುಡುಕುವುದಾಗುವುದಿಲ್ಲ. ಹಿಂದಿನ ದಿನವೇ ಚಾಲಕರಿಗೆ ಹೇಳಿ ಕವರು ತೆಗೆಸಿ, ಸೀಟು ಕಟ್ಟಿ ನೋಡಿ.

ಈ ವಯಸ್ಸಿನ ಮಗು ಹಿಮ್ಮುಖವಾಗಿ ಕೂರುವುದೇ ಕ್ಷೇಮ. ಆದರೆ ವಿಮಾನದಲ್ಲಿ ಹಿಮ್ಮುಖದ ಸೀಟು ಮುಂದಿನವರ ಬೆನ್ನೊರಗಿಗೆ ಅಡ್ಡ ಬರುತ್ತದೆ, ಅವರು ಗೊಣಗುತ್ತಾರೆ. ಆ ಮುಂದಿನ ಸೀಟಿನಲ್ಲಿ ಅಳಿಯಂದಿರೇ ಕೂತರೆ ಜಗಳ ಮನೆಯೊಳಗೇ ಉಳಿಯುತ್ತದೆ. ಕಿಟಕಿಯ ಪಕ್ಕದ ಜಾಗವನ್ನೇ ಕೊಡುತ್ತಾರೆ, ಬೇರೆಯವರು ಹೊರಬರುವ ದಾರಿಗೆ ಅಡ್ಡಿಯಾಗಬಾರದೆಂದು. ತುರ್ತು ಬಾಗಿಲಿನ ಸಾಲಿನಲ್ಲಿ ಕೊಡುವುದಿಲ್ಲ. ಮಗುವನ್ನು ವಿಮಾನದ ಸೀಟಿಗೇ ಬಿಗಿಯುವ ಕೇರ್ಸ್ ಎಂಬ ಹಗುರ ಪಟ್ಟಿಯೂ ಇದೆ. 10ರಿಂದ 20 ಕಿಲೋ ತೂಕದ ಮಕ್ಕಳಿಗೆ ಎಫ್‌ಎಎ ಒಪ್ಪಿದ್ದು, ಕೈಚೀಲದಲ್ಲಿ ಹಿಡಿಸುತ್ತದೆ. ಅದು ಕಾರಿಗೆ ಆಗದು. ನಿಮ್ಮ ದಾರಿಯ ಉದ್ದ ನೋಡಿದರೆ ನಾನು ಅದನ್ನು ಸೂಚಿಸುವುದಿಲ್ಲ.

ಟಿಕೆಟ್ ಮಾಡಿಸುವಾಗ, ಎರಡು ವರ್ಷದೊಳಗಿನ ಮಗು, ಪ್ರತ್ಯೇಕ ಸೀಟಿನಲ್ಲಿ ಕೂರುತ್ತದೆ, ಸುರಕ್ಷತಾ ಸೀಟು ತರುತ್ತೇವೆ ಎಂದು ಕಂಪನಿಗೆ ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಸೀಟಿನ ಕಂಪನಿ, ಮಾದರಿ, ಅಗಲವನ್ನು ಅದರಲ್ಲಿ ಬರೆಯಿಸಿ. ದಾರಿಯಲ್ಲಿ ವಿಮಾನ ಬದಲಾಗುವುದಿದ್ದರೆ ಟಿಕೆಟ್ ಮಾರಿದವರ ನಿಯಮ ನಡೆಯುವುದಿಲ್ಲ, ಆಯಾ ವಿಮಾನ ಹಾರಿಸುವವರ ನಿಯಮ ನಡೆಯುತ್ತದೆ, ಎರಡೂ ಕಂಪನಿಗಳನ್ನು ಕೇಳಬೇಕು. ಹೋಗಿ ಬರುವ ಟಿಕೆಟ್ ಆಗಿದ್ದರೆ, ನಡುವೆ ಎರಡು ವರ್ಷ ತುಂಬಿದಲ್ಲಿ ಹಿಂದಿರುಗುವಾಗ ಸೀಟು ಕೊಳ್ಳಲೇಬೇಕು.

ಇಷ್ಟೆಲ್ಲ ಕೇಳಿಯೂ ಹಣ ಹೊಂದದಿದ್ದರೆ ಯಾರನ್ನೂ ದೂರಲು ನಾನು ಸಿದ್ಧನಿಲ್ಲ. ಸೀಟನ್ನು ಟ್ಯಾಕ್ಸಿಗಾದರೂ ಕಟ್ಟಿ. ಜನ ಕಡಿಮೆ ಇರುವ ವಾರದ ನಡುವಿನ ದಿನ ಆರಿಸಿ, ಚೆಕ್-ಇನ್ ಕೌಂಟರಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೆ ಮಗುವಿಗೆ ಕೊಡುವಿರಾ ಎಂದು ಕೇಳಿ, ಹಲವರು ಕೊಡುತ್ತಾರೆ. ಸಿಗದಿದ್ದರೆ ಸಿಬ್ಬಂದಿ ಕೊಡುವ ಮಗುವಿನ ಬೆಲ್ಟನ್ನು ಬಳಸಿ, ಏರುವಾಗ ಇಳಿಯುವಾಗ ಮಾತ್ರವಲ್ಲ, ಮಗು ಮಡಿಲಲ್ಲಿರುವಷ್ಟು ಹೊತ್ತೂ. ತಾಯಿಯ ಬೆಲ್ಟನ್ನೇ ಇಬ್ಬರಿಗೂ ಸೇರಿಸಿ ಸುತ್ತುವುದು ಮಾತ್ರ ಬೇಡವೇ ಬೇಡ. ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಜೋಳಿಗೆ ಓಡಾಡಲು ಅನುಕೂಲ, ಏರಿಳಿತದ ಹೊತ್ತಿಗೆ ಅದು ರಕ್ಷಣೆಯಲ್ಲ. ನಡೆದಾಡುವ ದಾರಿಯ ಪಕ್ಕ ಕೂರುವ ಬದಲು ಒಳಗೆ ಕೂರಲಿ. ಬಿಸಿ ಕಾಫಿಯ ಟ್ರಾಲಿ ಹಾದು ಹೋಗುವುದು ಆ ಅಂಚಿನಲ್ಲೇ, ಮಗುವಿನ ಕೈ ಚಾಚುವುದೂ ಅತ್ತಲೇ.